ಅಮೆರಿಕದ ಮಿಕ್ಸರಿಗೆ ಭದ್ರಾವತಿಯ ಕರೆಂಟು

ಪ್ರಶ್ನೆ: ಮಗ, ಸೊಸೆ, ಮೊಮ್ಮಗ ನ್ಯೂಜೆರ್ಸಿ ಬಿಟ್ಟು ಊರಿಗೇ ಬಂದು ನೆಲೆಸಿದ್ದಾರೆ. ಹಿಂದೆಯೇ ಹಡಗಿನಲ್ಲಿ ಸಾಮಾನೂ ಬಂತು. ರೈಸ್ ಕುಕ್ಕರ್, ಇನ್‌ಸ್ಟಂಟ್ ಪಾಟ್, ಕೇಕಿನ ಹಿಟ್ಟು ಕಲಸುವ ದೊಡ್ಡ ಮಿಕ್ಸರ್, ಮೈಕ್ರೋವೇವ್, ಹೇರ್ ಡ್ರೈಯರ್, ಟೀವಿ, ಲ್ಯಾಪ್‌ಟಾಪ್, ಒಂದಿಷ್ಟು ಎಕ್ಸ್‌ಟೆನ್ಷನ್ ಬೋರ್ಡು, ಮೇಜಿನ ದೀಪ. ಎಲ್ಲದರ ಪಿನ್ನೂ ಚಪ್ಪಟೆ. ಅಂಗಡಿಯವರು ‘ಪಿನ್ ಬದಲಿಸುವ ಅಡಾಪ್ಟರ್ ಹಾಕ್ಕೊಳ್ಳಿ, ಸಾಕು’ ಅಂದರು. ಪಕ್ಕದ ಮನೆಯ ನಿವೃತ್ತ ಎಲೆಕ್ಟ್ರಿಷಿಯನ್ ‘ಅಕ್ಕಾ, ಯಾವುದನ್ನೂ ಚುಚ್ಚಬೇಡಿ, ಟ್ರಾನ್ಸ್‌ಫಾರ್ಮರ್ ಬೇಕು’ ಅಂತಾರೆ. ಯಾರ ಮಾತು ಕೇಳಲಿ? ನಮ್ಮ ಬೀದಿಯಲ್ಲಿ ಸಂಜೆಯಾದರೆ ಲೋ ವೋಲ್ಟೇಜು ಬೇರೆ. ಅಲ್ಲಿ 120, ಇಲ್ಲಿ 230 ಅಂತ ಎರಡು ಬಗೆ ಯಾಕೆ ಮಾಡಿಟ್ಟರು ಎಂಬ ಕುತೂಹಲವೂ ಇದೆ. ಕೊನೆಯದಾಗಿ, ಡಲ್ಲಾಸ್‌ನಲ್ಲಿರುವ ತಂಗಿಯ ಮಗಳಿಗೆ ಇಲ್ಲಿಂದ ಗ್ರೈಂಡರ್ ಕಳಿಸಬಹುದೆ?

— ಓದುಗರೊಬ್ಬರು, ನ್ಯೂಟೌನ್, ಭದ್ರಾವತಿ

ಉತ್ತರ: ಪಕ್ಕದ ಮನೆಯವರ ಮಾತು ಕೇಳಿ. ಅವರು ಹೇಳಿದ್ದು ಪೂರ್ತಿ ಸರಿಯಲ್ಲ, ಆದರೆ ಅದರಿಂದ ಮನೆಗೆ ಅಪಾಯವಿಲ್ಲ. ಅಂಗಡಿಯವರ ಮಾತು ನಿಮ್ಮ ಸಾಮಾನುಗಳಲ್ಲಿ ಎರಡು ಮೂರಕ್ಕೆ ಸರಿ, ಉಳಿದವಕ್ಕೆ ಬೆಂಕಿ. ಅಡಾಪ್ಟರ್ ಎಂದು ಅವರು ಕೊಡುವ ಆ ಬಿಳಿ ಗುಬಟಿನ ಒಳಗೆ ಹಿತ್ತಾಳೆಯ ಪಟ್ಟಿಗಳ ಹೊರತು ಏನೂ ಇಲ್ಲ. ಚಪ್ಪಟೆ ಪಿನ್ನಿಗೆ ಬಂದ ಕರೆಂಟೂ ದುಂಡು ತೂತಿನಿಂದ ಬಂದ ಅದೇ 230 ವೋಲ್ಟ್.

ಮೊದಲು ಒಂದು ಕೆಲಸ ಮಾಡಿ. ಮೊಮ್ಮಗನನ್ನು ಜೊತೆಗೆ ಕೂರಿಸಿಕೊಂಡು ಒಂದೊಂದೇ ಸಾಮಾನು ಬೋರಲು ಹಾಕಿ, ತಳದಲ್ಲೋ ಬೆನ್ನಿನಲ್ಲೋ ಅಂಟಿಸಿರುವ ಸಣ್ಣ ಚೀಟಿ ಓದಿಸಿ. ಅಕ್ಷರ ಇರುವೆಯಷ್ಟಿರುತ್ತದೆ; ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ನೋಡುವುದು ಸುಲಭ. ಅಲ್ಲಿ ಮೂರು ಅಂಕಿ ಹುಡುಕಿ: ವೋಲ್ಟ್ ಎಷ್ಟು, ಹರ್ಟ್ಜ್ ಎಷ್ಟು, ವ್ಯಾಟ್ ಅಥವಾ ಆಂಪಿಯರ್ ಎಷ್ಟು. ‘100–240 ವೋಲ್ಟ್, 50/60 ಹರ್ಟ್ಜ್’ ಎಂದಿದ್ದರೆ ಅದನ್ನು ಒಂದು ಕಡೆ ಇಡಿ. ‘120 ವೋಲ್ಟ್, 60 ಹರ್ಟ್ಜ್’ ಎಂದಷ್ಟೇ ಇದ್ದರೆ ಇನ್ನೊಂದು ಕಡೆ. ಚೀಟಿಯೇ ಹರಿದುಹೋಗಿದ್ದರೆ ಅದೂ ಎರಡನೆಯ ಗುಂಪಿಗೇ.

ಮೊದಲ ಗುಂಪಿನಲ್ಲಿ ಲ್ಯಾಪ್‌ಟಾಪಿನ ಚಾರ್ಜರ್, ಮೊಬೈಲ್ ಚಾರ್ಜರ್, ಕ್ಯಾಮೆರಾ ಚಾರ್ಜರ್ ಬಂದೇ ಬರುತ್ತವೆ. ಇವುಗಳ ಒಳಗಿನ ಸರ್ಕಿಟ್ಟು ಬಂದ ಎಸಿಯನ್ನು ಮೊದಲು ಡಿಸಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತದೆ. 100 ಕೊಟ್ಟರೂ ಸರಿ, 240 ಕೊಟ್ಟರೂ ಸರಿ. ನಿಮ್ಮ ಬೀದಿಯ ಸಂಜೆಯ 170 ವೋಲ್ಟಿಗೂ ಇವು ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಗಡಿಯವರ ಅಡಾಪ್ಟರ್ ಇವಕ್ಕೆ ಸಾಕು. ಟೀವಿಯದು ಮಾತ್ರ ಹೇಳಲಾಗದು. ಕೆಲವು ಕಂಪನಿಗಳು ಎಲ್ಲ ದೇಶಕ್ಕೂ ಒಂದೇ ಬೋರ್ಡು ಹಾಕುತ್ತವೆ, ಕೆಲವು ಅಮೆರಿಕದ ಮಾರುಕಟ್ಟೆಗೆಂದೇ 120ರದ್ದು ಹಾಕುತ್ತವೆ. ಚೀಟಿ ಹೇಳಿದ್ದೇ ಕೊನೆ. ಕರೆಂಟು ಹೊಂದಿದರೂ ಅಲ್ಲಿನ ಟೀವಿಯ ಆಂಟೆನಾ ಭಾಗ ಇಲ್ಲಿನ ಪ್ರಸಾರಕ್ಕೆ ಹೊಂದುವುದಿಲ್ಲ. ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ ಎಳೆದುಕೊಂಡರೆ ಆ ಚಿಂತೆಯಿಲ್ಲ. ಹಲ್ಲುಜ್ಜುವ ಬ್ರಷ್ಷನ್ನು ನಿಲ್ಲಿಸುವ ಚಾರ್ಜಿಂಗ್ ಪೀಠವನ್ನೂ ಮರೆಯದೆ ಓದಿ. ಮೊಬೈಲ್ ಚಾರ್ಜರಿನಷ್ಟೇ ಪುಟ್ಟದಾದರೂ 110–130 ವೋಲ್ಟಿಗೆ ಮಾತ್ರ ಎಂದು ಬರೆದಿರುವುದುಂಟು.

ಇನ್ನು ಎರಡನೆಯ ಗುಂಪು. ಹೇರ್ ಡ್ರೈಯರಿನಿಂದಲೇ ಶುರು ಮಾಡೋಣ, ಯಾಕೆಂದರೆ ಹೆಚ್ಚಿನವರು ಮೊದಲು ಚುಚ್ಚುವುದು ಅದನ್ನೇ. ಅಮೆರಿಕದ ಡ್ರೈಯರುಗಳ ಮೇಲೆ 1875 ವ್ಯಾಟ್ ಎಂಬ ವಿಚಿತ್ರ ಸಂಖ್ಯೆ ಕಾಣುತ್ತದೆ. ಅಲ್ಲಿನ ಸಾಮಾನ್ಯ ಸಾಕೆಟ್ಟು 15 ಆಂಪಿಯರಿನದು. 125 ವೋಲ್ಟನ್ನು 15ರಿಂದ ಗುಣಿಸಿದರೆ 1875. ಆ ಸಾಕೆಟ್ಟಿನಿಂದ ಎಳೆಯಬಹುದಾದಷ್ಟನ್ನೂ ಎಳೆಯುವ ಹಾಗೆ ತಂತಿ ಸುತ್ತಿದ್ದಾರೆ. ಆ ತಂತಿಯ ರೆಸಿಸ್ಟೆನ್ಸ್ ಸುಮಾರು 8.3 ಓಮ್. ಅದೇ ತಂತಿಗೆ 230 ವೋಲ್ಟ್ ಕೊಟ್ಟರೆ 27 ಆಂಪಿಯರಿಗೂ ಹೆಚ್ಚು ಹರಿಯುತ್ತದೆ, ಶಾಖ 6300 ವ್ಯಾಟ್ ದಾಟುತ್ತದೆ. ವೋಲ್ಟೇಜು ಎರಡು ಪಟ್ಟಿಗೂ ತುಸು ಕಡಿಮೆಯೇ ಏರಿದ್ದು, ಶಾಖ ಮಾತ್ರ ಮೂರೂಕಾಲು ಪಟ್ಟು ಮೀರಿ ಏರಿತು. ವೋಲ್ಟೇಜು ಏರಿದಷ್ಟೂ ಕರೆಂಟೂ ಏರುತ್ತದೆ, ಶಾಖವೆಂದರೆ ಅವೆರಡರ ಗುಣಲಬ್ಧ; ಅದಕ್ಕೇ ಹೀಗೆ. ಮಿಡ್ಲ್ ಸ್ಕೂಲಿನ ಲೆಕ್ಕವೇ, ಆದರೆ ಕೈಯಲ್ಲಿ ಡ್ರೈಯರ್ ಹಿಡಿದಾಗ ಯಾರಿಗೂ ನೆನಪಾಗುವುದಿಲ್ಲ.

ಸ್ವಿಚ್ಚು ಒತ್ತಿದ ಕೂಡಲೇ ಒಳಗಿನ ಪಂಖ ಕಿರುಚಿಕೊಂಡು ತಿರುಗುತ್ತದೆ, ಮೂತಿಯಲ್ಲಿ ಸುರುಳಿ ಕೆಂಪಾಗಿ ಆಮೇಲೆ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಒಳಗಿನ ಥರ್ಮಲ್ ಫ್ಯೂಜು ಹೋಗಿ ನಿಂತರೆ ಪುಣ್ಯ. ‘ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತೆ’ ಅನ್ನುವವರಿದ್ದಾರೆ. 16 ಆಂಪಿಯರಿನ ಎಂಸಿಬಿ 27 ಆಂಪಿಯರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುವುದಿಲ್ಲ. ಒಂದೂಮುಕ್ಕಾಲು ಪಟ್ಟು ಕರೆಂಟಿಗೆ ಅದರೊಳಗಿನ ಪಟ್ಟಿ ಕಾದು ಬಾಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ 6 ಆಂಪಿಯರಿನ ಅಡಾಪ್ಟರ್ ಕರಗಿರುತ್ತದೆ. ಎಂಸಿಬಿ ಇರುವುದು ಗೋಡೆಯೊಳಗಿನ ವೈರು ಕಾಯುವುದಕ್ಕೆ, ನಿಮ್ಮ ಡ್ರೈಯರು ಕಾಯುವುದಕ್ಕಲ್ಲ. ಕೆಲವು ಪ್ರವಾಸದ ಡ್ರೈಯರುಗಳಲ್ಲಿ 125/250 ಎಂಬ ಪುಟ್ಟ ತಿರುಪು ಇರುತ್ತದೆ, ನಾಣ್ಯದಿಂದ ತಿರುಗಿಸುವಂಥದ್ದು. ನಿಮ್ಮದರಲ್ಲಿ ಅದಿದ್ದರೆ 250ಕ್ಕೆ ತಿರುಗಿಸಿ ಧಾರಾಳವಾಗಿ ಬಳಸಿ.

ರೈಸ್ ಕುಕ್ಕರಿನದೂ ಇದೇ ಕತೆ. 120 ವೋಲ್ಟಿನ 500 ವ್ಯಾಟ್ ಕುಕ್ಕರ್ ಇಲ್ಲಿ 1800 ವ್ಯಾಟ್ ದಾಟುತ್ತದೆ; ಅನ್ನ ಬೇಗ ಆಗುವುದಿಲ್ಲ, ತಳ ಸೀದು ಕಾಯಿಲ್ ಹೋಗುತ್ತದೆ. ಇನ್‌ಸ್ಟಂಟ್ ಪಾಟಿನಲ್ಲಿ ಹೀಟರಿನ ಜೊತೆಗೆ ಎಲೆಕ್ಟ್ರಾನಿಕ್ ಬೋರ್ಡೂ ಇದೆ. 120ಕ್ಕೆಂದೇ ಮಾಡಿದ ಬೋರ್ಡಿನ ಕೆಪಾಸಿಟರುಗಳು ಸಾಮಾನ್ಯವಾಗಿ 200 ವೋಲ್ಟ್ ತಡೆಯುವಂಥವು. ನಮ್ಮ 230 ವೋಲ್ಟಿನ ಅಲೆ ತನ್ನ ನೆತ್ತಿಯಲ್ಲಿ 325 ವೋಲ್ಟ್ ಮುಟ್ಟುತ್ತದೆ. ಪಟ್ ಎಂದು ಸದ್ದಾಗಿ, ಮೀನಿನಂಥ ವಾಸನೆಯ ಹೊಗೆ ಬಂದು ಮುಗಿಯುತ್ತದೆ.

ವೋಲ್ಟೇಜು ಜಾಸ್ತಿ ಅಂದರೆ ಶಾಖ ಜಾಸ್ತಿ ಎಂಬ ಸೂತ್ರವನ್ನು ಹಾಗೇ ಎಲ್ಲದಕ್ಕೂ ಹೊರಿಸಬೇಡಿ. ನಿಮ್ಮೂರಲ್ಲೇ ಅದಕ್ಕೆ ಉಲ್ಟಾ ಉದಾಹರಣೆ ಇತ್ತು. ಕಟ್ಟಿಗೆ ಇದ್ದಿಲಿನಲ್ಲಿ ಅದಿರು ಕರಗಿಸುತ್ತ 1923ರಲ್ಲಿ ಉತ್ಪಾದನೆ ಶುರು ಮಾಡಿದ ಐರನ್ ಫ್ಯಾಕ್ಟರಿಗೆ, ಜೋಗದ ವಿದ್ಯುತ್ತು ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು. ಅಂಥ ಕುಲುಮೆಗೆ ಕೊಡುವ ವೋಲ್ಟೇಜು ಮನೆಯದಕ್ಕಿಂತ ಬಹಳ ಹೆಚ್ಚೇನೂ ಇರುವುದಿಲ್ಲ, ಹರಿಯುವ ಕರೆಂಟು ಮಾತ್ರ ಸಾವಿರಗಟ್ಟಲೆ ಆಂಪಿಯರ್. ಯಾವ ತಂತಿಯನ್ನು ಯಾವ ವೋಲ್ಟಿಗೆ ಸುತ್ತಿದ್ದಾರೆ ಎನ್ನುವುದೇ ಇಲ್ಲಿ ಮುಖ್ಯ. ನಿಮ್ಮ ಸೊಸೆಯ ಡ್ರೈಯರಿಗೆ 230 ‘ಜಾಸ್ತಿ’, ಶಿವಮೊಗ್ಗದ ಅಂಗಡಿಯಲ್ಲಿ ಕೊಂಡ ಡ್ರೈಯರಿಗೆ ಅದೇ 230 ಹದ.

ನೀವು ಪಟ್ಟಿಯಲ್ಲಿ ಸುಮ್ಮನೆ ಸೇರಿಸಿದ ಎಕ್ಸ್‌ಟೆನ್ಷನ್ ಬೋರ್ಡುಗಳು ನನಗೆ ಡ್ರೈಯರಿಗಿಂತ ಹೆಚ್ಚು ಭಯ ಹುಟ್ಟಿಸುತ್ತವೆ. ಅದು ಬರೀ ವೈರು, ಅದಕ್ಕೇನಾಗುತ್ತದೆ ಎಂದು ಲ್ಯಾಪ್‌ಟಾಪು, ಚಾರ್ಜರು ಎಲ್ಲವನ್ನೂ ಅದಕ್ಕೇ ಸಿಕ್ಕಿಸಿ, ಅದರ ತುದಿಗೊಂದು ಅಡಾಪ್ಟರ್ ಹಾಕಿ ಗೋಡೆಗೆ ಚುಚ್ಚುವವರು ಬಹಳ. ಅಮೆರಿಕದ ಬೋರ್ಡುಗಳಲ್ಲಿ ಹೆಚ್ಚಿನವು ನಾವು ಸ್ಪೈಕ್ ಬಸ್ಟರ್ ಎನ್ನುವ ಜಾತಿಯವು. ಒಳಗೆ ನಾಣ್ಯದಷ್ಟಗಲದ ಬಿಲ್ಲೆಗಳಿರುತ್ತವೆ, ವೇರಿಸ್ಟರ್ ಎಂದು ಹೆಸರು. ವೋಲ್ಟೇಜು ಒಂದು ಮಟ್ಟ ಮೀರಿದರೆ ಮಾತ್ರ ಕರೆಂಟನ್ನು ತಮ್ಮ ಮೂಲಕ ಹರಿಯಬಿಟ್ಟು ಉಳಿದವನ್ನು ಉಳಿಸುವುದು ಅವುಗಳ ಕೆಲಸ. ಅಮೆರಿಕದಲ್ಲಿ ಆ ಮಟ್ಟವನ್ನು 120ಕ್ಕಿಂತ ಸ್ವಲ್ಪ ಮೇಲೆ, 150 ವೋಲ್ಟಿನ ಆಸುಪಾಸಿನಲ್ಲಿ ಇಡುತ್ತಾರೆ. ಇಲ್ಲಿ ಚುಚ್ಚಿದರೆ ಅವಕ್ಕೆ ಪ್ರತಿ ಅಲೆಯೂ ಸಿಡಿಲೇ. ಸೆಕೆಂಡಿಗೆ ನೂರು ಸಲ ಅವು ಕರೆಂಟು ಹರಿಯಬಿಡುತ್ತವೆ, ಕಾದು ಸಿಡಿಯುತ್ತವೆ, ಸುತ್ತಲಿನ ಪ್ಲಾಸ್ಟಿಕ್ಕಿಗೆ ಕಿಡಿ ಹತ್ತುತ್ತದೆ. ಬೋರ್ಡಿಗೆ ಏನನ್ನೂ ಸಿಕ್ಕಿಸದಿದ್ದರೂ ಇಷ್ಟೆಲ್ಲ ಆಗುತ್ತದೆ. ಬೋರ್ಡಿನ ಹಿಂದೆ 125 ವೋಲ್ಟ್ ಎಂದಿದ್ದರೆ ಗೋಡೆಯ ಹತ್ತಿರಕ್ಕೂ ಒಯ್ಯಬೇಡಿ. ಟ್ರಾನ್ಸ್‌ಫಾರ್ಮರಿನ ಆಚೆ ಕಡೆ, 120 ಬರುವಲ್ಲಿ ಬಳಸಬಹುದು. ಬಳಸುವವರಿಲ್ಲದಿದ್ದರೆ ವೈರು ಕತ್ತರಿಸಿ ಗುಜರಿಗೆ ಹಾಕಿ. ಹಾಗೇ ಅಟ್ಟದಲ್ಲಿಟ್ಟರೆ ಮುಂದಿನ ಹಬ್ಬಕ್ಕೆ ಯಾರೋ ಸೀರಿಯಲ್ ಸೆಟ್ಟಿಗೆಂದು ಇಳಿಸುತ್ತಾರೆ.

ಮೇಜಿನ ದೀಪದಲ್ಲಿ ಬಲ್ಬು ಬದಲಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ನಮ್ಮ ಪಿನ್ ಹೋಲ್ಡರ್ ಅಲ್ಲ, ತಿರುಪಿನ ಹೋಲ್ಡರ್ ಇರುತ್ತದೆ. ಇಲ್ಲಿ ಸಿಗುವ ತಿರುಪಿನ 230 ವೋಲ್ಟ್ ಎಲ್‌ಇಡಿ ಬಲ್ಬು ಅದಕ್ಕೆ ಕೂರುತ್ತದೆ. ಹೋಲ್ಡರ್ ಮೇಲೆ 250 ವೋಲ್ಟ್ ಎಂದು ಅಚ್ಚಾಗಿದೆಯೇ ನೋಡಿಕೊಳ್ಳಿ. ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇದ್ದರೆ ಬೇಡ.

ಈಗ ಮಿಕ್ಸರಿನ ವಿಷಯಕ್ಕೆ ಬರೋಣ, ಟ್ರಾನ್ಸ್‌ಫಾರ್ಮರಿಗೂ. ಹಿಟ್ಟು ಕಲಸುವ ಮಿಕ್ಸರಿನ ಒಳಗೆ ಇರುವುದು ನಮ್ಮ ಮಿಕ್ಸಿಯಲ್ಲಿರುವಂಥದೇ ಕಾರ್ಬನ್ ಬ್ರಷ್ಷಿನ ಮೋಟಾರು. ಅದಕ್ಕೆ 50 ಹರ್ಟ್ಜಾದರೂ ಒಂದೇ, 60 ಆದರೂ ಒಂದೇ. 230ನ್ನು 120ರ ಸುಮಾರಿಗೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಬಹಳ ವರ್ಷ ಬಾಳುತ್ತದೆ. ಅದರ ಬೆಲೆ, ಅದರ ಮೇಲಿನ ಮಮತೆ ಎರಡೂ ದೊಡ್ಡದಾದ್ದರಿಂದ ಖರ್ಚು ಮಾಡಬಹುದು. 300–350 ವ್ಯಾಟಿನ ಮಿಕ್ಸರಿಗೆ 1000 ವಿಎ ಟ್ರಾನ್ಸ್‌ಫಾರ್ಮರ್ ಹಾಕಿಸಿ. ಮೋಟಾರು ಶುರುವಾಗುವಾಗ, ಚಪಾತಿ ಹಿಟ್ಟು ಗಟ್ಟಿಯಾದಾಗ ಎರಡು ಮೂರು ಪಟ್ಟು ಎಳೆಯುತ್ತದೆ. ಲೆಕ್ಕಕ್ಕೆ ಸರಿಯಾಗಿ ತಂದರೆ ಟ್ರಾನ್ಸ್‌ಫಾರ್ಮರ್ ಕಾದು ಹೋಗುತ್ತದೆ.

ಇದನ್ನು ಆನ್‌ಲೈನಿನಲ್ಲಿ ತರಿಸುವುದಕ್ಕಿಂತ ಊರಲ್ಲೇ ಸುತ್ತಿಸುವುದು ನನಗೆ ಇಷ್ಟ. ಅಡಿಕೆ ತೋಟ, ಭತ್ತದ ಗದ್ದೆ, ಬೋರ್‌ವೆಲ್ಲು ಇಷ್ಟೊಂದಿರುವ ಭದ್ರಾವತಿ–ಶಿವಮೊಗ್ಗದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವವರಿಗೆ ಬರವಿಲ್ಲ. ಮಳೆಗಾಲದಲ್ಲಿ ಪಂಪಿನ ಕೆಲಸ ಕಡಿಮೆಯಿರುವಾಗ ಹೋದರೆ ನಿಧಾನವಾಗಿ ಮಾತಾಡಿಯೂ ಕೊಡುತ್ತಾರೆ. ಕೇಳಬೇಕಾದ್ದು ಇಷ್ಟು: ತಾಮ್ರದ ತಂತಿಯೇ? ಒಳಬರುವ ಸುತ್ತು, ಹೊರಹೋಗುವ ಸುತ್ತು ಬೇರೆ ಬೇರೆಯೇ, ಅಥವಾ ಒಂದೇ ಸುತ್ತಿನಿಂದ ನಡುವೆ ಟ್ಯಾಪ್ ತೆಗೆದ ಆಟೋ ಟ್ರಾನ್ಸ್‌ಫಾರ್ಮರೇ? ಆಟೋ ಹಗುರ, ಅಗ್ಗ. ಆದರೆ ಅದರಲ್ಲಿ ಹೊರಗಿನ ತಂತಿಗೂ ಗೋಡೆಯ ಕರೆಂಟಿಗೂ ನೇರ ಸಂಬಂಧ ಉಳಿದಿರುತ್ತದೆ. ಸಾಮಾನ್ಯ ಸುತ್ತು ತುಂಡಾದರೆ ‘120’ ಎಂದು ಬರೆದ ತೂತಿನಲ್ಲಿ 230 ಬರಬಹುದು. ಅಡುಗೆಮನೆಯಲ್ಲಿ, ಒದ್ದೆ ಕೈಯಲ್ಲಿ ಮುಟ್ಟುವ ಸಾಮಾನಿಗೆ ಎರಡು ಸುತ್ತಿನದೇ ಇರಲಿ. ತೂಕ ಜಾಸ್ತಿ, ಇರಲಿ. ಅಮೆರಿಕದಲ್ಲೇ ಕೊಂಡ ಟ್ರಾನ್ಸ್‌ಫಾರ್ಮರನ್ನು ಮಗ ತಂದಿದ್ದರೆ ಅದರ ಮೇಲೆ 50 ಹರ್ಟ್ಜ್ ಎಂದೂ ಇದೆಯೇ ನೋಡಿ.

ಅಂಗಡಿಗಳಲ್ಲಿ ‘ಟ್ರಾವೆಲ್ ಕನ್ವರ್ಟರ್’ ಎಂದು ಅಂಗೈಯಲ್ಲಿ ಹಿಡಿಯುವಷ್ಟು ಹಗುರಾದ, 1600 ವ್ಯಾಟ್ ಎಂದು ಬರೆದ ಡಬ್ಬಿಯೂ ಸಿಗುತ್ತದೆ. ಅದು ಟ್ರಾನ್ಸ್‌ಫಾರ್ಮರ್ ಅಲ್ಲ. ಅಲೆಯ ಒಂದು ಭಾಗವನ್ನು ಕತ್ತರಿಸಿ ಬಿಸಾಕಿ, ಸರಾಸರಿ ಶಾಖ ಮಾತ್ರ ಕಡಿಮೆಯಾಗುವಂತೆ ಮಾಡುತ್ತದೆ. ಪ್ರವಾಸದಲ್ಲಿ ಐದು ನಿಮಿಷ ಇಸ್ತ್ರಿಗೆ ಸರಿ. ಬೋರ್ಡಿರುವ ಯಾವುದಕ್ಕೂ, ಮೋಟಾರಿರುವ ಯಾವುದಕ್ಕೂ ಬೇಡ.

ಕುಕ್ಕರ್, ಇನ್‌ಸ್ಟಂಟ್ ಪಾಟ್, ಡ್ರೈಯರಿಗೆ ಟ್ರಾನ್ಸ್‌ಫಾರ್ಮರ್ ಹಾಕಿಸಬಹುದೆ ಎಂದರೆ ಹಾಕಿಸಬಹುದು, ನಾನಾದರೆ ಹಾಕಿಸುವುದಿಲ್ಲ. 1875 ವ್ಯಾಟಿನ ಡ್ರೈಯರಿಗೆ 2500 ವಿಎಯದ್ದಾದರೂ ಬೇಕು. ಎರಡು ಸುತ್ತಿನದಾದರೆ ಇಪ್ಪತ್ತು ಕಿಲೋದ ಆಸುಪಾಸು ತೂಗುತ್ತದೆ. ಬಚ್ಚಲ ಬಾಗಿಲಲ್ಲಿ ಅದನ್ನಿಟ್ಟುಕೊಂಡು ಕೂದಲು ಒಣಗಿಸುವುದೆಂದರೆ ಏನರ್ಥ? ಅದರ ದುಡ್ಡಿನಲ್ಲಿ ಇಲ್ಲಿನ ಹೊಸ ಡ್ರೈಯರ್, ಹೊಸ ಕುಕ್ಕರ್ ಎರಡೂ ಬರುತ್ತವೆ. ಶಾಖ ಹುಟ್ಟಿಸುವುದನ್ನೆಲ್ಲ ಇಲ್ಲೇ ಕೊಳ್ಳಿ ಎಂಬುದು ನನ್ನ ಪಕ್ಕಾ ಅಭಿಪ್ರಾಯ. ಇನ್‌ಸ್ಟಂಟ್ ಪಾಟನ್ನು ಬಿಡಲು ಸೊಸೆಗೆ ಮನಸ್ಸಿಲ್ಲವೆಂದರೆ ಅದು 1000 ವ್ಯಾಟಿನದಾಗಿದ್ದಲ್ಲಿ 1500 ವಿಎ ಟ್ರಾನ್ಸ್‌ಫಾರ್ಮರ್ ಸಾಕು, ಮಿಕ್ಸರಿಗೂ ಅದನ್ನೇ ಬಳಸಿಕೊಳ್ಳಬಹುದು, ಎರಡನ್ನೂ ಒಟ್ಟಿಗೆ ಅಲ್ಲ. ಬಳಸಿದ ಮೇಲೆ ಗೋಡೆಯ ಸ್ವಿಚ್ಚು ಆರಿಸಿ. ಏನೂ ಓಡದಿದ್ದರೂ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತ ಮೀಟರು ತಿರುಗಿಸುತ್ತಲೇ ಇರುತ್ತದೆ.

ಮೈಕ್ರೋವೇವ್ ವಿಷಯದಲ್ಲಿ ಟ್ರಾನ್ಸ್‌ಫಾರ್ಮರೂ ಕೈಲಾಗದೆ ನಿಲ್ಲುತ್ತದೆ. ವೋಲ್ಟೇಜನ್ನು ಅದು ಇಳಿಸುತ್ತದೆ, 50 ಹರ್ಟ್ಜನ್ನು 60 ಮಾಡುವುದಿಲ್ಲ. ಹಳೆಯ ಬಗೆಯ ಮೈಕ್ರೋವೇವಿನೊಳಗೇ ಭಾರದ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಅದರ ಕಬ್ಬಿಣದ ಕೋರನ್ನು 60 ಹರ್ಟ್ಜಿಗೆ ಅಳೆದು ಮಾಡಿರುತ್ತಾರೆ. 50 ಹರ್ಟ್ಜಿನಲ್ಲಿ ಪ್ರತಿ ಅಲೆಯೂ ಉದ್ದ, ಕೋರಿನೊಳಗಿನ ಕಾಂತಪ್ರವಾಹ ಶೇ. 20ರಷ್ಟು ಹೆಚ್ಚುತ್ತದೆ, ಕಬ್ಬಿಣ ಅಷ್ಟನ್ನು ಹಿಡಿಯಲಾರದೆ ಕಾಯುತ್ತದೆ. ಕೆಲವರ ಮನೆಯಲ್ಲಿ ಓಡುತ್ತಿದೆ ಎಂದು ಕೇಳಿರುತ್ತೀರಿ, ಹೇಗೋ ಓಡುತ್ತಿದೆ ಅಷ್ಟೆ. ಮಾರಿಬಿಡಿ ಎನ್ನೋಣವೆಂದರೆ ಇಲ್ಲಿ ಕೊಳ್ಳುವವರಿಲ್ಲ. ಗೋಡೆಯ ಅಲೆಗಳನ್ನೇ ಎಣಿಸಿ ಸಮಯ ತೋರಿಸುವ ಹಳೆಯ ಗಡಿಯಾರ, ಟೈಮರುಗಳೂ ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತವೆ. ಕೆಟ್ಟಿವೆ ಎಂದು ರಿಪೇರಿಗೆ ಕೊಡಬೇಡಿ.

ಎರಡು ಬಗೆ ಯಾಕೆ ಎಂದಿರಿ. ಮೊದಲು ಶುರು ಮಾಡಿದವರು ಸಿಕ್ಕಿಹಾಕಿಕೊಂಡರು, ಆಮೇಲೆ ಬಂದವರು ಜಾಣರಾದರು. ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ದೀಪಗಳಿಗೆ ಕೊಟ್ಟದ್ದು 110 ವೋಲ್ಟ್ ಡಿಸಿ. ಆಗಿನ ಬಲ್ಬಿಗೆ ಅದು ಹೊಂದುತ್ತಿತ್ತು. ಆಮೇಲೆ ಎಸಿ ಬಂದರೂ ಮನೆಮನೆಯಲ್ಲಿದ್ದ ಬಲ್ಬು ಬದಲಿಸುವುದು ಯಾರಿಗೆ ಬೇಕಿತ್ತು? ಅದೇ ಮಟ್ಟ ಉಳಿಯಿತು. ಬರ್ಲಿನ್ನಿನ ವಿದ್ಯುತ್ ಕಂಪನಿ 1899ರಲ್ಲಿ 110ರಿಂದ 220ಕ್ಕೆ ಹೋಯಿತು. ವೋಲ್ಟೇಜು ಎರಡರಷ್ಟಾದರೆ ಅದೇ ವ್ಯಾಟಿಗೆ ಅರ್ಧ ಕರೆಂಟು ಸಾಕು, ತಾಮ್ರ ಉಳಿಯುತ್ತದೆ. ಯುರೋಪು ಆ ದಾರಿ ಹಿಡಿಯಿತು, ಬ್ರಿಟಿಷರ ಮೂಲಕ ನಮಗೂ 230–240 ಬಂತು. ಜಪಾನು ಇನ್ನೂ ತಮಾಷೆ: ಟೋಕಿಯೋ ಜರ್ಮನಿಯಿಂದ 50 ಹರ್ಟ್ಜಿನ ಯಂತ್ರ ತರಿಸಿತು, ಒಸಾಕಾ ಅಮೆರಿಕದಿಂದ 60ರದ್ದು. ಇವತ್ತಿಗೂ ಆ ದೇಶ 100 ವೋಲ್ಟಿನಲ್ಲಿ, ಪೂರ್ವ ಪಶ್ಚಿಮ ಎಂದು ಎರಡು ಹೋಳಾಗಿಯೇ ಇದೆ.

ನಾವೇನೂ ನಗುವ ಹಾಗಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು, 1905ರಲ್ಲಿ ಬೆಂಗಳೂರಿಗೆ ಬಂದ ಕರೆಂಟು, 25 ಹರ್ಟ್ಜಿನದು, ಈಗಿನದರ ಅರ್ಧ. ಅಷ್ಟು ನಿಧಾನದ ಅಲೆಗೆ ಬಲ್ಬಿನ ಮಿನುಗು ಕಣ್ಣಿಗೆ ಕಾಣಿಸುತ್ತದೆ. ಆಗ ಬೆಂಗಳೂರಿನ ಫ್ಯಾನನ್ನು 50ರ ಊರಿಗೆ ಒಯ್ದವರಿಗೂ ನಿಮ್ಮ ಸೊಸೆಯದೇ ಪಾಡು. ಈಗ ದೇಶಕ್ಕೆಲ್ಲ ಒಂದೇ 50. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಸೇರಿಸಿ ದಕ್ಷಿಣದ ಗ್ರಿಡ್ಡನ್ನೂ ಉಳಿದ ದೇಶಕ್ಕೆ ಜೋಡಿಸಿದ ಮೇಲೆ, ನಿಮ್ಮ ಜಿಲ್ಲೆಯ ಶರಾವತಿಯ ಯಂತ್ರಗಳು ತಿರುಗುವುದು ಪಂಜಾಬಿನ ಯಂತ್ರಗಳ ತಾಳಕ್ಕೇ.

ಹರ್ಟ್ಜು ಒಂದೇ ಆಯಿತು, ವೋಲ್ಟೇಜು ಮಾತ್ರ ಪುಸ್ತಕದಲ್ಲಿ 230, ಬೀದಿಯಲ್ಲಿ ಬೇರೆ. ಕಾನೂನಿನ ಪ್ರಕಾರ ಮನೆಯ ಮೀಟರಿನ ಹತ್ತಿರ ಶೇ. 6ರಷ್ಟು ಆಚೀಚೆ ಇರಬಹುದು, ಅಂದರೆ 216ರಿಂದ 244. ಆದರೆ ಬೀದಿಯ ಟಿಸಿ, ಅಂದರೆ ಬೀದಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್, ಕೆಲಸ ಮಾಡುವ ರೀತಿ ನೋಡಿ. 11,000 ವೋಲ್ಟನ್ನು ಅದು ಇಳಿಸುವುದು 433ಕ್ಕೆ. ಒಂದು ಫೇಸಿಗೆ 250. ದಾರಿಯಲ್ಲಿ ಸೋರಿಹೋಗುವುದನ್ನು ಲೆಕ್ಕ ಹಾಕಿ ಮೊದಲೇ ಜಾಸ್ತಿ ಇಟ್ಟಿದ್ದಾರೆ. ಟಿಸಿ ಪಕ್ಕದ ಮನೆಗೆ 245–250 ಬರುತ್ತದೆ. ಅದೇ ಲೈನು ಕಂಬದಿಂದ ಕಂಬಕ್ಕೆ ಹೋಗಿ, ಎಲ್ಲ ಮನೆಯಲ್ಲೂ ದೀಪ, ಟೀವಿ, ಪಂಪು ಶುರುವಾಗುವ ಸಂಜೆ, ಕೊನೆಯ ಮನೆ ಮುಟ್ಟುವಷ್ಟರಲ್ಲಿ 170ಕ್ಕೆ ಬಂದಿರುತ್ತದೆ. ನಿಮ್ಮದು ಕೊನೆಯ ಕಡೆಯ ಮನೆ ಇರಬೇಕು. ತೀರ್ಥಹಳ್ಳಿ, ಹೊಸನಗರದ ತೋಟದ ಮನೆಗಳವರಿಗೆ ಇದು ಹೊಸದಲ್ಲ.

ಇದಕ್ಕೂ ನಿಮ್ಮ ಮಿಕ್ಸರಿಗೂ ನೇರ ಸಂಬಂಧ ಇದೆ. ಟ್ರಾನ್ಸ್‌ಫಾರ್ಮರ್ ಬುದ್ಧಿ ಓಡಿಸುವುದಿಲ್ಲ, ಬಂದದ್ದನ್ನು ಭಾಗಿಸುತ್ತದೆ. ಅರ್ಧ ಮಾಡುವಂತೆ ಸುತ್ತಿದ್ದರೆ 230ಕ್ಕೆ 115, ಸಂಜೆಯ 170ಕ್ಕೆ 85. ಅಷ್ಟರಲ್ಲಿ ಮಿಕ್ಸರ್ ತಿರುಗಲಾರದೆ ಮುಲುಗುತ್ತದೆ. ಹಾಗಾಗಿ ಗೋಡೆಯ ಮುಂದೆ ಮೊದಲು ಸ್ಟೆಬಿಲೈಸರ್, ಅದರ ಮುಂದೆ ಟ್ರಾನ್ಸ್‌ಫಾರ್ಮರ್, ಕೊನೆಗೆ ಮಿಕ್ಸರ್. ಈ ಕ್ರಮ ತಪ್ಪಿಸಬೇಡಿ. 230ರ ಸ್ಟೆಬಿಲೈಸರನ್ನು 115ರ ಕಡೆಗೆ ಹಾಕಿದರೆ ಅದು ಕರೆಂಟು ತೀರಾ ಕಡಿಮೆ ಎಂದುಕೊಂಡು ಕಟ್ ಆಗುತ್ತದೆ. ಅಥವಾ ಹಿಟ್ಟು ಬೆಳಿಗ್ಗೆಯೇ ಕಲಸಿಬಿಡಿ, ಸ್ಟೆಬಿಲೈಸರಿನ ಖರ್ಚೂ ಉಳಿಯಿತು. ಲೋ ವೋಲ್ಟೇಜು ನಿಜಕ್ಕೂ ಕಾಡುವುದು ಫ್ರಿಜ್ಜು, ಬೋರ್‌ವೆಲ್ ಪಂಪಿನಂಥವನ್ನು. ಎಳೆಯುವ ಭಾರ ಅಷ್ಟೇ ಇರುತ್ತದೆ, ಶಕ್ತಿ ಕಡಿಮೆ, ಮೋಟಾರು ಸಿಕ್ಕಿಕೊಂಡು ಕಾಯಿಲ್ ಸುಡುತ್ತದೆ. ದಿನಾ ಹೀಗೇ ಇದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಸಂಜೆ ಮೀಟರಿನ ಬಳಿ ಅಳೆಸಿ, ತಾರೀಖು ಹಾಕಿ ಬರೆದಿಟ್ಟು, ಮೆಸ್ಕಾಂ ಕಚೇರಿಗೆ ಲಿಖಿತವಾಗಿ ಕೊಡಿ. ‘ಡಿಮ್ ಬರ್ತಿದೆ’ ಎನ್ನುವ ಫೋನಿಗಿಂತ ‘ಏಳು ಗಂಟೆಗೆ 172’ ಎನ್ನುವ ಕಾಗದಕ್ಕೆ ಬೆಲೆ ಜಾಸ್ತಿ.

ಮಲೆನಾಡಿನ ಮಳೆಯಲ್ಲಿ ಇದಕ್ಕಿಂತ ಕೆಟ್ಟದ್ದೊಂದು ನಡೆಯುತ್ತದೆ, ಅದಕ್ಕೆ ಅಮೆರಿಕದ ಸಾಮಾನೇ ಬೇಕಿಲ್ಲ. ಕಂಬದ ಮೇಲೆ ಮೂರು ಫೇಸು, ಒಂದು ನ್ಯೂಟ್ರಲ್ ತಂತಿ. ಕೊಂಬೆ ಬಿದ್ದು ನ್ಯೂಟ್ರಲ್ ಮಾತ್ರ ತುಂಡಾಯಿತೆನ್ನಿ. ಆಗ ಒಂದು ಫೇಸಿನ ಮನೆಗಳೂ ಇನ್ನೊಂದು ಫೇಸಿನ ಮನೆಗಳೂ 400 ವೋಲ್ಟನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಹಾಗಾಗುತ್ತದೆ, ಹಂಚಿಕೆಯಲ್ಲಿ ನ್ಯಾಯವಿಲ್ಲ. ಗೀಸರು ಹಾಕಿಕೊಂಡ ಕಡೆಗೆ 100 ಹೋದರೆ, ಒಂದೇ ದೀಪ ಉರಿಸಿಕೊಂಡು ಕೂತ ಕಡೆಗೆ 300 ಬರುತ್ತದೆ. ಗುರುತು ಹೇಳುತ್ತೇನೆ: ನಿಮ್ಮ ಮನೆಯ ಫ್ಯಾನು ಇದ್ದಕ್ಕಿದ್ದ ಹಾಗೆ ರಭಸದಿಂದ ತಿರುಗತೊಡಗುತ್ತದೆ, ಬಲ್ಬು ಬೆಳ್ಳಗೆ ಉರಿಯುತ್ತದೆ, ಕಿಟಕಿಯಿಂದ ನೋಡಿದರೆ ಎದುರುಮನೆ ಮಂಕಾಗಿದೆ. ಅಥವಾ ಇದರ ಉಲ್ಟಾ. ಒಂದೊಂದೇ ಸ್ವಿಚ್ಚು ಆರಿಸುತ್ತ ಕೂರಬೇಡಿ. ನೀವು ಒಂದೊಂದು ಆರಿಸಿದಂತೆ ಉಳಿದದ್ದರ ಮೇಲೆ ವೋಲ್ಟೇಜು ಇನ್ನೂ ಏರುತ್ತದೆ. ನೇರ ಹೋಗಿ ಮೇನ್ ಸ್ವಿಚ್ ಇಳಿಸಿ, ಆಮೇಲೆ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ. ವೋಲ್ಟೇಜು ಮಿತಿ ಮೀರಿದರೆ ಮನೆಯ ಕರೆಂಟನ್ನೇ ಕಡಿಯುವ ರಿಲೇ ಸಿಗುತ್ತದೆ, ಮೇನಿನ ಪಕ್ಕದಲ್ಲಿ ಕೂರಿಸುವಂಥದ್ದು. ನನ್ನ ಮಟ್ಟಿಗೆ ಮಲೆನಾಡಿನ ಮನೆಗೆ ಅದು ಇನ್ವರ್ಟರಿಗಿಂತ ಮೊದಲು ಬೇಕು.

ಅರ್ಥಿಂಗ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಎರಡು ತೂತಿನ ಅಡಾಪ್ಟರಿಗೆ ಸಿಕ್ಕಿಸಲೆಂದು ಮಿಕ್ಸರಿನ ಮೂರನೆಯ ದುಂಡು ಪಿನ್ನನ್ನು ಮುರಿಯುವವರಿದ್ದಾರೆ. ಮೈಯೆಲ್ಲ ಲೋಹವಿರುವ ಯಂತ್ರಕ್ಕೆ ಆ ಪಿನ್ನೇ ಕಾವಲು. ಟ್ರಾನ್ಸ್‌ಫಾರ್ಮರಿಗೆ ಮೂರು ಪಿನ್ನಿನ ಸಾಕೆಟ್ಟೇ ಹಾಕಿಸಿ, ಅದರ ಅರ್ಥ್ ಗೋಡೆಯ ಅರ್ಥಿಗೆ ಸೇರಿರಲಿ. ಹಳೆಯ ಮನೆಗಳಲ್ಲಿ ಅರ್ಥ್ ತಂತಿಯೇ ಇಲ್ಲವೆಂದು ಸಾಕೆಟ್ಟಿನೊಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲಿಗೆ ತುಂಡು ವೈರಿನಿಂದ ಜೋಡಿಸಿ ‘ಅರ್ಥಿಂಗ್ ಮಾಡಿದೆ’ ಎನ್ನುವುದುಂಟು. ಆ ನ್ಯೂಟ್ರಲ್ ಎಲ್ಲಾದರೂ ಬಿಟ್ಟರೆ ಫ್ರಿಜ್ಜಿನ ಬಾಗಿಲಿಗೇ 230 ಬರುತ್ತದೆ. ನಿಮ್ಮ ಮನೆಯಲ್ಲಿ ಹಾಗಿದೆಯೇ ಎಂದು ಪಕ್ಕದ ಮನೆಯವರ ಕೈಯಲ್ಲಿ ಒಂದು ಸಾಕೆಟ್ಟು ಬಿಚ್ಚಿಸಿ ನೋಡಿ. ಗುಂಡಿ ತೋಡಿಸಿ ಸರಿಯಾದ ಅರ್ಥಿಂಗ್, ಜೊತೆಗೆ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಮೊಮ್ಮಗ ಬೆರಳು ಹಾಕುವ ವಯಸ್ಸಿನವನಾದರೆ ಇದನ್ನು ಈ ತಿಂಗಳೇ ಮಾಡಿಸಿ.

ಗಲ್ಫ್‌ನಿಂದ ಸಾಮಾನು ತರುವವರೂ ನಿಮ್ಮ ಬೀದಿಯಲ್ಲಿರಬಹುದು. ದುಬೈ, ಕುವೈತಿನದು ಹೆಚ್ಚುಕಡಿಮೆ ನಮ್ಮದೇ ವೋಲ್ಟೇಜು, ನಮ್ಮದೇ 50 ಹರ್ಟ್ಜ್. ಪ್ಲಗ್ಗು ಮಾತ್ರ ಬ್ರಿಟಿಷರ ಚೌಕ ಪಿನ್ನಿನದು. ಸೌದಿಯದು 60 ಹರ್ಟ್ಜ್, ಹಳೆಯ ಸಾಮಾನಾದರೆ 127 ವೋಲ್ಟ್ ಇರುವುದೂ ಉಂಟು. ಅವರೂ ಚೀಟಿ ಓದಲಿ.

ಇನ್ನು ಡಲ್ಲಾಸಿನ ಗ್ರೈಂಡರ್. ನಮ್ಮ ಮಿಕ್ಸಿಯನ್ನು ಅಲ್ಲಿನ 120ಕ್ಕೆ ಹಾಕಿದರೆ ಸುಡುವುದಿಲ್ಲ, ಸೋಮಾರಿಯಾಗುತ್ತದೆ, ಚಟ್ನಿ ಆಗುವುದಿಲ್ಲ. ವೆಟ್ ಗ್ರೈಂಡರಿನದು ಬ್ರಷ್ಷಿಲ್ಲದ ಇಂಡಕ್ಷನ್ ಮೋಟಾರು, ಅರ್ಧ ವೋಲ್ಟೇಜಿಗೆ ಕಲ್ಲು ತಿರುಗಿಸಲಾರದೆ ಕಾದು ಹಾಳಾಗುತ್ತದೆ. ಏರಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜು ಸರಿಹೋಗುತ್ತದೆ, ಆದರೆ ಅಲ್ಲಿನ 60 ಹರ್ಟ್ಜಿಗೆ ಕಲ್ಲು ಇಲ್ಲಿಗಿಂತ ಐದನೇ ಒಂದು ಪಾಲು ಜೋರಾಗಿ ತಿರುಗಿ, ಉದ್ದಿನ ಹಿಟ್ಟು ಬೇಗ ಬಿಸಿಯಾಗುತ್ತದೆ. ಅಮೆರಿಕದ ಮನೆಗಳಿಗೂ 240 ವೋಲ್ಟ್ ಬರುತ್ತದೆ, ಬಟ್ಟೆ ಒಣಗಿಸುವ ಯಂತ್ರಕ್ಕೂ ದೊಡ್ಡ ಒಲೆಗೂ ಅದೇ. ಯಾರಾದರೂ ‘ಅದರಿಂದ ಎಳೆದುಕೋ’ ಎಂದು ಅವಳಿಗೆ ಬುದ್ಧಿ ಹೇಳಿದರೆ ಬೇಡವೆನ್ನಿ. ಅಲ್ಲಿ ಎರಡು ತಂತಿಯಲ್ಲೂ ಕರೆಂಟು ಇರುತ್ತದೆ, ಗ್ರೈಂಡರಿನ ಒಂದೇ ಕಡೆಯ ಸ್ವಿಚ್ಚು ಆರಿಸಿದರೂ ಒಳಗೆ ಇನ್ನೊಂದು ತಂತಿ ಜೀವಂತವಾಗಿಯೇ ಉಳಿಯುತ್ತದೆ. ನಮ್ಮ ಕಡೆಯ ಗ್ರೈಂಡರುಗಳ 110 ವೋಲ್ಟಿನ ಮಾದರಿ ಅಲ್ಲಿನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತದೆ. ಅದನ್ನೇ ಕೊಳ್ಳಲಿ. ನೀವು ಕಳಿಸುವುದಾದರೆ ಕರೆಂಟು ಬೇಡದ್ದು ಕಳಿಸಿ; ಹಪ್ಪಳ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ.